ಬಣ್ಣಗೆಡಿಸುವ ಕಸುಬು

ನಮ್ಮ ಕಡೆಯ ಸ್ಟುಡಿಯೋಗಳಲ್ಲಿ ಒಂದು ಕಾಲಕ್ಕೆ ಫೋಟೊ ತೆಗೆಯುವವನಷ್ಟೇ ಮರ್ಯಾದೆ ಅದಕ್ಕೆ ಬಣ್ಣ ಹಚ್ಚುವವನಿಗೂ ಇತ್ತು. ಪ್ರಿಂಟು ಒಣಗಿದ ಮೇಲೆ ಆತ ಸಣ್ಣ ಕುಂಚ, ಹತ್ತಿಯ ಉಂಡೆ ಹಿಡಿದು ಕೂತು ಕೆನ್ನೆಗೆ ಗುಲಾಬಿ, ಸೀರೆಗೆ ಹಸಿರು, ಸರಕ್ಕೆ ಹಳದಿ ಬಳಿಯುತ್ತಿದ್ದ. ಕತ್ತಿನಲ್ಲಿ ಸರ ಇಲ್ಲದಿದ್ದರೆ ಅದನ್ನೂ ಬರೆದುಕೊಡುತ್ತಿದ್ದನಂತೆ. ಇದಕ್ಕೆಲ್ಲ ದುಡ್ಡು ಬೇರೆ. ಹಾಗೆ ಹೆಚ್ಚು ಕೊಟ್ಟು ಬಣ್ಣ ಹಚ್ಚಿಸಿಕೊಂಡವರ ಮೊಮ್ಮಕ್ಕಳು ಈಗ 1.67 ಕೋಟಿ ಬಣ್ಣ ದಾಖಲಿಸಬಲ್ಲ ಕ್ಯಾಮೆರಾ ಕೊಂಡು, ಆ ಕೋಟಿಯನ್ನು 256 ಬೂದುಗಳಿಗೆ ಇಳಿಸಲು ರಾತ್ರಿಯಿಡೀ ಕಂಪ್ಯೂಟರಿನ ಮುಂದೆ ಕೂತಿರುತ್ತಾರೆ. ಆ ಮೊಮ್ಮಕ್ಕಳ ಸಾಲಿನಲ್ಲಿ ನಾನೂ ಒಬ್ಬ.

ಈ ಹುಚ್ಚು ಢಾಳಾಗಿ ಕಾಣುವುದು ಮದುವೆ ಆಲ್ಬಂಗಳಲ್ಲಿ. ನಾಂದಿ, ವರಪೂಜೆ, ಧಾರೆ ಎಂದು ಕಣ್ಣು ಕೋರೈಸುವ ಹಾಳೆಗಳ ನಡುವೆ ಇದ್ದಕ್ಕಿದ್ದಂತೆ ಎರಡು ಪುಟ ಕಪ್ಪು-ಬಿಳುಪು. ಅಲ್ಲಿ ಹುಡುಗಿ ಕಿಟಕಿಯಾಚೆ ನೋಡುತ್ತ ಏನನ್ನೋ ಯೋಚಿಸುತ್ತಿರುತ್ತಾಳೆ. ಕಲ್ಯಾಣ ಮಂಟಪದ ಕಿಟಕಿಯಾಚೆ ಇರುವುದು ಪಾತ್ರೆ ತೊಳೆಯುವ ಜಾಗ ಎಂಬುದು ಮದುವೆಗೆ ಹೋದವರಿಗೆಲ್ಲ ಗೊತ್ತು. ಬಣ್ಣದಲ್ಲಿದ್ದಿದ್ದರೆ ನೀಲಿ ಡ್ರಮ್ಮು, ಹಸಿರು ಬಕೆಟ್ಟು ಎದ್ದು ಕಾಣಿಸಿ ಯೋಚನೆಯ ಘನತೆ ಇಳಿಯುತ್ತಿತ್ತು. ಫೋಟೊಗ್ರಾಫರನ್ನು ಒಬ್ಬನೇ ಸಿಕ್ಕಾಗ ಕೇಳಿದರೆ ಇನ್ನೂ ಒಂದು ಕಾರಣ ಹೇಳುತ್ತಾನೆ. ಆರತಕ್ಷತೆಯ ವೇದಿಕೆಗೆ ಈಗ ಹಾಕುವ ಎಲ್‌ಇಡಿ ದೀಪಗಳಲ್ಲಿ ಮದುಮಗಳ ಒಂದು ಕೆನ್ನೆ ನೇರಳೆ, ಇನ್ನೊಂದು ಹಸಿರು; ಅದನ್ನು ಸರಿಮಾಡುವುದು ದೇವರಿಂದಲೂ ಆಗದ ಕೆಲಸ. ಕಪ್ಪು-ಬಿಳುಪು ಮಾಡಿದರೆ ಅದೇ ಕಲೆ!

ನಡುವೆ ಕೆಲವು ವರ್ಷ ಇನ್ನೊಂದು ಫ್ಯಾಷನ್ ಬಂದಿತ್ತು. ಮದುಮಗಳ ಸೀರೆ ಮಾತ್ರ ಕೆಂಪಾಗಿ ಉಳಿದು ಮಿಕ್ಕಿದ್ದೆಲ್ಲ ಬೂದು. ಪಕ್ಕದಲ್ಲಿ ನಿಂತ ಗಂಡು ಮದುವೆಯ ದಿನವೇ ಬಣ್ಣಗೆಟ್ಟು ನಿಂತಿರುತ್ತಿದ್ದ. ಮುಂದಾಗುವುದನ್ನು ಅಷ್ಟು ಬೇಗ ತೋರಿಸಬಾರದು ಎಂದೋ ಏನೋ, ಆ ಫ್ಯಾಷನ್ ಹೆಚ್ಚು ಕಾಲ ನಿಲ್ಲಲಿಲ್ಲ.

ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಬಣ್ಣ ಹೋಗುತ್ತದಲ್ಲ, ಇದಕ್ಕೆ ರಾತ್ರಿಯಿಡೀ ಯಾಕೆ ಕೂರಬೇಕು ಎಂದು ಕೇಳುವವರಿದ್ದಾರೆ. ಹೋಗುತ್ತದೆ, ನಿಜ. ಆದರೆ ಹೋಗುವಾಗ ಯಾವ ಬಣ್ಣ ಎಷ್ಟು ಗಾಢದ ಬೂದನ್ನು ಬಿಟ್ಟುಹೋಗಬೇಕು ಎಂದು ಯಾರಾದರೂ ತೀರ್ಮಾನಿಸಬೇಕು. ನೀವು ತೀರ್ಮಾನಿಸದಿದ್ದರೆ ಸಾಫ್ಟ್‌ವೇರ್ ತೀರ್ಮಾನಿಸುತ್ತದೆ, ಮತ್ತು ಅದಕ್ಕೆ ನಮ್ಮ ಮನೆಯ ವ್ಯವಹಾರ ಗೊತ್ತಿರುವುದಿಲ್ಲ.

ಪ್ರತಿ ಬಿಂದುವಿನ ಬಣ್ಣವೂ ಕಂಪ್ಯೂಟರಿಗೆ ಮೂರು ಸಂಖ್ಯೆ: ಕೆಂಪು, ಹಸಿರು, ನೀಲಿ, ಒಂದೊಂದೂ 0ಯಿಂದ 255ರವರೆಗೆ. ಮೂರನ್ನು ಒಂದು ಮಾಡುವುದೇ ಇಲ್ಲಿನ ಕೆಲಸ, ಅಂದರೆ ಮೂವರು ಅಣ್ಣತಮ್ಮಂದಿರ ಆಸ್ತಿ ಪಾಲು ಮಾಡಿದ ಹಾಗೆ. ಮೂವರಿಗೂ ಸಮಪಾಲು ಎನ್ನುವುದು ಒಂದು ಕ್ರಮ. ನೋಡಲು ನ್ಯಾಯ, ಆದರೆ ಕಣ್ಣು ಒಪ್ಪುವುದಿಲ್ಲ. ಒಂದೇ ಪ್ರಮಾಣದ ಹಸಿರು ನಮಗೆ ಕೆಂಪಿಗಿಂತ ಬೆಳ್ಳಗೂ, ನೀಲಿ ತೀರ ಕಪ್ಪಗೂ ಕಾಣುತ್ತದೆ. ಆದ್ದರಿಂದ ಹೆಚ್ಚಿನ ತಂತ್ರಾಂಶಗಳು ಹಸಿರಣ್ಣನಿಗೆ 59 ಪಾಲು, ಕೆಂಪನಿಗೆ 30, ಕಿರಿಯವನಾದ ನೀಲಿಗೆ 11 ಎಂದು ಹಂಚುತ್ತ ಬಂದವು. ಎಚ್‌ಡಿ ಟಿವಿ ಕಾಲಕ್ಕೆ ಮರುಹಂಚಿಕೆಯಾಗಿ ಹಸಿರಿಗೆ 72, ಕೆಂಪಿಗೆ 21 ಬಂದು, ನೀಲಿಗೆ ಉಳಿದದ್ದು 7. ಕಿರಿಯವನು ಯಾವ ಕೋರ್ಟಿಗೂ ಹೋದಂತಿಲ್ಲ.

ಇವೆರಡೂ ಬೇಡವೆಂದು ಮೂರನೆಯ ಕ್ರಮ ಹಿಡಿಯುವವರಿದ್ದಾರೆ. ಉಚಿತವಾಗಿ ಸಿಗುವ ಗಿಂಪ್‌ನಲ್ಲಿ ಅದಕ್ಕೆ ಲೈಟ್‌ನೆಸ್ ಎಂದು ಹೆಸರು. ಫೋಟೊಶಾಪಿನಲ್ಲಿ ಶಿಫ್ಟ್, ಕಂಟ್ರೋಲ್, ಯು ಮೂರನ್ನೂ ಒಟ್ಟಿಗೆ ಒತ್ತಿದರೆ ಆಗುವ ಡಿಸ್ಯಾಚುರೇಟ್ ಕೂಡ ಇದೇ. ಮೂರು ಸಂಖ್ಯೆಗಳಲ್ಲಿ ಅತಿ ದೊಡ್ಡದನ್ನೂ ಅತಿ ಸಣ್ಣದನ್ನೂ ಕೂಡಿಸಿ ಅರ್ಧ ಮಾಡುವುದು. ನಡುವಿನವನನ್ನು ಮಾತಾಡಿಸುವುದೇ ಇಲ್ಲ. ಇದರ ಪರಿಣಾಮ ನೋಡಬೇಕಾದರೆ ನವೆಂಬರ್ ತಿಂಗಳಲ್ಲಿ ನಮ್ಮ ಬೀದಿಯ ಬಾವುಟದ ಚಿತ್ರ ತೆಗೆದು ಪ್ರಯೋಗ ಮಾಡಬೇಕು. ಅಪ್ಪಟ ಹಳದಿ ಅಂದರೆ 255, 255, 0. ಅಪ್ಪಟ ಕೆಂಪು 255, 0, 0. ಎರಡರಲ್ಲೂ ದೊಡ್ಡದು 255, ಸಣ್ಣದು 0, ಅರ್ಧ ಮಾಡಿದರೆ ಎರಡೂ 128. ಅರಿಸಿನವೂ ಇಲ್ಲ, ಕುಂಕುಮವೂ ಇಲ್ಲ, ಕಂಬದ ಮೇಲೆ ಒಂದು ಬೂದು ಬಟ್ಟೆ ಒಣಹಾಕಿದಂತೆ. ಹಳೆಯ 59-30-11ರ ಹಂಚಿಕೆಯಲ್ಲಾದರೆ ಹಳದಿಗೆ 226, ಕೆಂಪಿಗೆ 76 ಬಂದು ಬಾವುಟದ ಮಾನ ಉಳಿಯುತ್ತದೆ.

ಈ ಹಳೆಯ ಪಾಲುಪತ್ರ ಬರೆದವರು ಫೋಟೊದವರಲ್ಲ, ಟಿವಿಯವರು. 1953ರಲ್ಲಿ ಅಮೆರಿಕದಲ್ಲಿ ಬಣ್ಣದ ಪ್ರಸಾರಕ್ಕೆ ಕ್ರಮ ಗೊತ್ತುಮಾಡುವಾಗ, ಆಗಲೇ ಮನೆಮನೆಯಲ್ಲಿದ್ದ ಕಪ್ಪು-ಬಿಳುಪು ಪೆಟ್ಟಿಗೆಗಳು ಮೂಲೆಗುಂಪಾಗಬಾರದೆಂದು ಬೆಳಕಿನ ಪ್ರಮಾಣವನ್ನು ಬೇರೆಯಾಗಿಯೇ ಕಳಿಸುವ ಏರ್ಪಾಟು ಮಾಡಿದರು. ಹಳೆಯ ಪೆಟ್ಟಿಗೆ ಅದನ್ನಷ್ಟೇ ತೆಗೆದುಕೊಂಡು ಬಣ್ಣವನ್ನು ಬಿಟ್ಟುಬಿಡುತ್ತಿತ್ತು. ನಮ್ಮಲ್ಲಿ 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೂರದರ್ಶನ ಬಣ್ಣಕ್ಕೆ ತಿರುಗಿದ ಮೇಲೂ ಸಾಲಿಡೇರ್, ಡೈನೋರಾ ಪೆಟ್ಟಿಗೆಗಳವರು ವರ್ಷಗಟ್ಟಲೆ ನೋಡಿದ್ದು ಇದನ್ನೇ. 1987ರಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಶುರುವಾದಾಗ ಎಷ್ಟೋ ಊರುಗಳಲ್ಲಿ ಅಯೋಧ್ಯೆ, ಲಂಕೆ ಎರಡೂ ಬೂದು. ಸುಮ್ಮನಿರುವ ಜನವೇ ನಾವು? ಪರದೆಯ ಮೇಲೆ ಹೊಂದಿಸುವ ಬಣ್ಣದ ಪ್ಲಾಸ್ಟಿಕ್ ಹಾಳೆ ಬಂತು: ಮೇಲೆ ನೀಲಿ, ಕೆಳಗೆ ಹಸಿರು. ಆಕಾಶ, ಹುಲ್ಲುಗಾವಲು ಬಂದಾಗ ಲೆಕ್ಕ ಸರಿಹೋಗುತ್ತಿತ್ತು. ವಾರ್ತೆ ಓದುವವರು ಬಂದಾಗ ಮಾತ್ರ ಹಣೆ ನೀಲಿಯಾಗಿ, ಎದೆಯಿಂದ ಕೆಳಗೆ ಪಾಚಿ ಕಟ್ಟಿರುತ್ತಿತ್ತು.

ಇಷ್ಟು ಯೋಚಿಸಿ ಮಾಡಿದ ಹಂಚಿಕೆಯೂ ದಾಸವಾಳದ ಮುಂದೆ ಸೋಲುತ್ತದೆ. ಮನೆಮುಂದಿನ ಗಿಡದಲ್ಲಿ ದೂರದಿಂದಲೇ ಕೂಗಿ ಕರೆಯುವ ಕೆಂಪು ಹೂವಿನ ಚಿತ್ರ ತೆಗೆದು ಬಣ್ಣ ಬಿಡಿಸಿ ನೋಡಿ, ಹೂವು ಇರುವುದಿಲ್ಲ. ಎಲೆಗಳ ರಾಶಿಯಲ್ಲಿ ಇನ್ನೊಂದು ಎಲೆಯಾಗಿ ಕೂತಿರುತ್ತದೆ. ಕುಂಕುಮದಂಥ ಕೆಂಪನ್ನು 200, 20, 40 ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಬರುವ ಬೂದು 76. ಗಾಢ ಹಸಿರು ಎಲೆ 40, 100, 40 ಎಂದಾದರೆ ಅದರ ಬೂದು 75. ಒಂದೇ ಒಂದು ಅಂಕದ ವ್ಯತ್ಯಾಸ. ಕಣ್ಣಿಗೆ ಎಲ್ಲಿ ಗೊತ್ತಾಗಬೇಕು? ಕೆಂಪು ರೇಷ್ಮೆಗೆ ಹಸಿರು ಅಂಚು ಹುಡುಕಿ ಹುಡುಕಿ ಆರಿಸಿ, ಅಂಗಡಿಯವನ ಅರ್ಧ ದಿನ ತಿಂದು ತಂದ ಸೀರೆಗೆ ಫೋಟೊದಲ್ಲಿ ಅಂಚೇ ಇರುವುದಿಲ್ಲ.

ಆದ್ದರಿಂದ ಸ್ಲೈಡರುಗಳು. ಫೋಟೊಶಾಪಿನಲ್ಲಿ ಮೊದಲು ಚಾನೆಲ್ ಮಿಕ್ಸರ್ ಎಂಬುದಿತ್ತು. ಮೂರು ಪಾಲೂ ನೀವೇ ಹಂಚಬಹುದು. 2007ರ ಸಿಎಸ್3 ಆವೃತ್ತಿಯಲ್ಲಿ ಬ್ಲ್ಯಾಕ್ ಅಂಡ್ ವೈಟ್ ಎಂದೇ ಒಂದು ಸಾಧನ ಬಂದು ಆರು ಬಣ್ಣಗಳಿಗೆ ಆರು ಸ್ಲೈಡರ್ ಕೊಟ್ಟಿತು. ಇಲ್ಲಿಂದ ಮುಂದೆ ಮನುಷ್ಯನಿಗೆ ಅಧಿಕಾರದ ಮದ ಏರುತ್ತದೆ. ಕೆಂಪನ್ನು ಬಲಕ್ಕೆ ಎಳೆದರೆ ದಾಸವಾಳ ಬೆಳ್ಳಗೆ ಮಲ್ಲಿಗೆಯಂತೆ ಅರಳುತ್ತದೆ, ಎಡಕ್ಕೆ ಎಳೆದರೆ ಕಾಡಿಗೆಯಾಗುತ್ತದೆ. ನೀಲಿಯನ್ನು ಎಡಕ್ಕೆ ಎಳೆದರೆ ಮಟಮಟ ಮಧ್ಯಾಹ್ನದ ಆಕಾಶದಲ್ಲಿ ಮಳೆಗಾಲ ಇಳಿಯುತ್ತದೆ. ತೀರ ಎಳೆದರೆ ಆಕಾಶ ತರಿತರಿಯಾಗಿ, ತೆಂಗಿನ ಗರಿಗಳ ಅಂಚಿಗೆಲ್ಲ ಬೆಳ್ಳನೆಯ ಗೆರೆ ಕಟ್ಟಿಕೊಳ್ಳುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ನಿಲ್ಲಿಸದವರ ಫೋಟೊಗಳೇ ಹೆಚ್ಚು ಲೈಕು ಪಡೆಯುತ್ತವೆ, ಅದು ಬೇರೆ ಮಾತು.

ಇದನ್ನು ಮೋಸ ಎನ್ನುವ ಹಿರಿಯರಿದ್ದಾರೆ. ರೀಲಿನ ಕಾಲದಲ್ಲಿ ಇದ್ದದ್ದು ಇದ್ದ ಹಾಗೆ ಬರುತ್ತಿತ್ತು ಎಂದು ಅವರ ವಾದ. ಏನೂ ಬರುತ್ತಿರಲಿಲ್ಲ. ಹಳೆಯ ಪ್ಲೇಟುಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ತುಟಿ ಕಪ್ಪಾಗಿ, ನೀಲಿ ಆಕಾಶ ಬರೀ ಬಿಳಿಯಾಗಿ ಮೂಡುತ್ತಿತ್ತು. ಪ್ರಿಂಟು ಹಾಕುವ ಕಾಗದಕ್ಕೂ ಇದೇ ಕುರುಡು, ಅದಕ್ಕೇ ಡಾರ್ಕ್ ರೂಮಿನಲ್ಲಿ ಕೆಂಪು ಬಲ್ಬು ಹಾಕಿಕೊಂಡು ಕೆಲಸ ಮಾಡಲು ಆಗುತ್ತಿದ್ದದ್ದು. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಫಿಲ್ಮು ಬಂದ ಮೇಲೆ ಫೋಟೊಗ್ರಾಫರುಗಳು ಜೇಬಿನಲ್ಲಿ ಹಳದಿ, ಕಿತ್ತಳೆ, ಕೆಂಪು ಗಾಜುಗಳನ್ನು ಇಟ್ಟುಕೊಂಡು ಓಡಾಡಿದರು. ಆನ್ಸೆಲ್ ಆಡಮ್ಸ್ 1927ರಲ್ಲಿ ಯೋಸೆಮಿಟಿಯ ಹಾಫ್ ಡೋಮ್ ಬಂಡೆಯ ಚಿತ್ರ ತೆಗೆದಾಗ ಕೊನೆಯ ಪ್ಲೇಟಿಗೆ ಗಾಢ ಕೆಂಪು ಫಿಲ್ಟರ್ ಹಾಕಿ ಹಗಲಿನ ಆಕಾಶವನ್ನು ಕಪ್ಪು ಮಾಡಿಬಿಟ್ಟರು. ಇವತ್ತು ನೀಲಿ ಸ್ಲೈಡರ್ ಎಡಕ್ಕೆ ಎಳೆಯುವ ಹುಡುಗ ಮಾಡುತ್ತಿರುವುದೂ ಅದನ್ನೇ. ಆದರೆ ಆಡಮ್ಸ್ ಪ್ಲೇಟು ಹೊತ್ತು ಬೆಟ್ಟ ಹತ್ತಿದ್ದರು, ಹುಡುಗ ಕಾಫಿ ಕುಡಿಯುತ್ತ ಎಳೆಯುತ್ತಾನೆ, ಇಷ್ಟವಾಗದಿದ್ದರೆ ವಾಪಸ್ ಬಿಡುತ್ತಾನೆ.

ಬೂದಿನ ಬಗೆಗಳನ್ನು ಮೊದಲೇ ಕಣ್ಣಲ್ಲಿ ಎಣಿಸಿಕೊಂಡು ಬೆಳಕು ಹಾಕಬಲ್ಲವರು ಬೇರೆ ಜಾತಿಯ ಜನ. ಗುರುದತ್ತರ ಚಿತ್ರಗಳಿಗೆ ಕ್ಯಾಮೆರಾ ಹಿಡಿದ ನಮ್ಮ ಮೈಸೂರಿನ ವಿ.ಕೆ. ಮೂರ್ತಿ, 1959ರ ‘ಕಾಗಜ್ ಕೆ ಫೂಲ್’ನಲ್ಲಿ ಕನ್ನಡಿಗಳಿಂದ ಬಿಸಿಲನ್ನು ಒಳಗೆ ತಿರುಗಿಸಿ ಕತ್ತಲ ಸ್ಟುಡಿಯೋದಲ್ಲಿ ಒಂದು ಬೆಳಕಿನ ಕೋಲನ್ನೇ ನಿಲ್ಲಿಸಿದರು. ಆಮೇಲೆ ಸರಿಮಾಡಿಕೊಳ್ಳೋಣ ಎನ್ನುವ ಸೌಲಭ್ಯ ಅವರಿಗೆ ಇರಲಿಲ್ಲ. ಅವರಿಗೆ 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಬಂತು. ಅದೇ ಕಾಲಕ್ಕೆ ನಮ್ಮಲ್ಲಿ ಇನ್ನೊಂದು ಸೇನೆ ಎದುರು ದಿಕ್ಕಿನಲ್ಲಿ ಹೊರಟಿತ್ತು. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಕಂಪ್ಯೂಟರಿನಿಂದ ಬಣ್ಣ ತುಂಬಿಸಿಕೊಂಡು ತೆರೆಗೆ ಬಂದವು. ರಾಜಕುಮಾರರಿಗೆ ಬಣ್ಣ ಹಚ್ಚಲು ಒಂದು ಕೋಣೆಯಲ್ಲಿ ಒಬ್ಬ ಕೂತಿದ್ದರೆ, ತನ್ನ ಅಣ್ಣನ ಮಗಳ ನಾಮಕರಣದ ಬಣ್ಣ ತೆಗೆಯಲು ಪಕ್ಕದ ಕೋಣೆಯಲ್ಲಿ ಇನ್ನೊಬ್ಬ. ಇಬ್ಬರ ಕರೆಂಟ್ ಬಿಲ್ಲೂ ಒಂದೇ ಬಂದೀತು.

ಇಷ್ಟು ಕಷ್ಟಪಟ್ಟು ನಾವು ತೆಗೆಯುವ ಬಣ್ಣ ಕ್ಯಾಮೆರಾದ ಕಣ್ಣಿಗೆ ಬಿದ್ದೇ ಇರುವುದಿಲ್ಲ ಎನ್ನುವುದು ಇನ್ನೊಂದು ತಮಾಷೆ. ಒಳಗಿನ ಸೆನ್ಸರ್‌ಗೆ ಗೊತ್ತಾಗುವುದು ಬೆಳಕು ಎಷ್ಟು ಎಂಬುದಷ್ಟೇ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಬಣ್ಣದ ಜಾಲರಿಯನ್ನು ಅದರ ಮೇಲೆ ಹೊದಿಸಿರುತ್ತಾರೆ. ಪ್ರತಿ ಬಿಂದುವೂ ಕೆಂಪು, ಹಸಿರು, ನೀಲಿಯಲ್ಲಿ ಒಂದನ್ನು ಮಾತ್ರ ಅಳೆದು, ಮಿಕ್ಕ ಎರಡನ್ನು ಅಕ್ಕಪಕ್ಕದವರನ್ನು ಕೇಳಿ ಊಹಿಸಿಕೊಳ್ಳುತ್ತದೆ. ಇಲ್ಲೂ ಅರ್ಧ ಜಾಗ ಹಸಿರಣ್ಣನದೇ. ಲೈಕಾ ಕಂಪನಿ 2012ರಲ್ಲಿ ಈ ಜಾಲರಿಯನ್ನೇ ಕಿತ್ತುಹಾಕಿ ಬರೀ ಕಪ್ಪು-ಬಿಳುಪು ತೆಗೆಯುವ ಕ್ಯಾಮೆರಾ ತಂದಿತು. ಒಂದು ಸಾಮಾನು ಕಡಿಮೆಯಾಯಿತಲ್ಲ, ಬೆಲೆ ಇಳಿದಿರಬಹುದು ಎಂದುಕೊಂಡಿರಾ? ಏರಿತ್ತು.

ನನ್ನ ಸ್ಲೈಡರ್ ವಿದ್ಯೆಗೆ ನಿಜವಾದ ಪರೀಕ್ಷೆ ನಡೆದದ್ದು ನಮ್ಮ ಸೋದರತ್ತೆಯ ಮುಂದೆ. ಹಬ್ಬದ ದಿನ ಹಸಿರು ಸೀರೆ ಉಟ್ಟು, ಹಣೆಗೆ ಕಾಸಗಲ ಕುಂಕುಮ ಇಟ್ಟು, ಜಗಲಿಯ ಬೆಳಕಿನಲ್ಲಿ ಹೂ ಕಟ್ಟುತ್ತ ಕೂತಿದ್ದವರ ಚಿತ್ರ ಅದು. ಕೆಂಪು ಸ್ಲೈಡರನ್ನು ಬಲಕ್ಕೆ ಎಳೆದದ್ದೇ ಮುಖದ ಸುಕ್ಕೆಲ್ಲ ಇಳಿದು ಹತ್ತು ವರ್ಷ ಕಡಿಮೆಯಾಯಿತು. ನಮ್ಮ ಚರ್ಮದಲ್ಲಿ ಕೆಂಪು, ಕಿತ್ತಳೆಗಳೇ ಜಾಸ್ತಿ. ಅವನ್ನು ಎತ್ತಿದರೆ ಯಾವ ಕ್ರೀಮೂ ಕೊಡದಷ್ಟು ಬಿಳುಪು ಒಂದೇ ಕ್ಷಣದಲ್ಲಿ ಬರುತ್ತದೆ. ಮದುವೆ ಫೋಟೊದವರ ಅನ್ನ ನಿಂತಿರುವುದೇ ಈ ಗುಟ್ಟಿನ ಮೇಲೆ. ಹೆಮ್ಮೆಯಿಂದ ಲ್ಯಾಪ್‌ಟಾಪ್ ತಿರುಗಿಸಿದೆ. ಅತ್ತೆ ಕನ್ನಡಕ ಏರಿಸಿ ನೋಡಿದರು.

“ಅಲ್ವೋ, ನಿಮ್ಮ ಮಾವ ಅಲ್ಲಿ ಗುಂಡುಕಲ್ಲಿನ ಹಾಗೆ ಕೂತು ಪೇಪರ್ ಓದ್ತಿದಾರೆ, ನೀನು ನನ್ನ ಹಣೆ ಬರಿದು ಮಾಡಿದೀಯಲ್ಲೋ!”

ಮುಖದ ಜೊತೆ ಕುಂಕುಮವೂ ಬೆಳ್ಳಗಾಗಿ ಹಣೆಯಲ್ಲಿ ಕರಗಿಹೋಗಿತ್ತು. ಕೆಂಪನ್ನು ಎಡಕ್ಕೆ ಎಳೆದೆ. ಕುಂಕುಮ ಬಂತು, ಜೊತೆಗೆ ಮುಖವೂ ಕಪ್ಪಾಯಿತು.

“ಈಗ ನೋಡು, ಒಲೆ ಊದಿ ಎದ್ದು ಬಂದ ಹಾಗಿದೀನಿ.”

ಮಾವ ಪೇಪರಿನ ಹಿಂದಿನಿಂದಲೇ, “ಹಾಗೇ ಇರೋದಲ್ವೇನೆ” ಎಂದರು.

ಈ ಸಂಸಾರ ತಾಪತ್ರಯಕ್ಕೆ ಆರು ಸ್ಲೈಡರುಗಳಲ್ಲಿ ಸುಲಭದ ಪರಿಹಾರವಿಲ್ಲ. ಲೈಟ್‌ರೂಮ್‌ನಲ್ಲಿ ಎಂಟಿವೆ, ಅಲ್ಲಿ ಕಿತ್ತಳೆಗೆ ಪ್ರತ್ಯೇಕ ಖಾತೆ. ಚರ್ಮ ಹೆಚ್ಚಾಗಿ ಕಿತ್ತಳೆಯ ಪಾಲಿಗೆ ಬರುತ್ತದೆ, ಕುಂಕುಮ ಕೆಂಪಿನ ಪಾಲಿಗೆ. ಕಿತ್ತಳೆಯನ್ನು ತುಸು ಎತ್ತಿ, ಕೆಂಪನ್ನು ಚೆನ್ನಾಗಿ ಇಳಿಸಿದೆ. ಮುಖ ಬೆಳಗಿತು, ಕುಂಕುಮ ಗಟ್ಟಿಯಾಗಿ ಕೂತಿತು, ಹಸಿರನ್ನು ಒಂದಿಷ್ಟು ಅದುಮಿದ ಮೇಲೆ ಸೀರೆ ಹಿಂದೆ ಸರಿದು ಕೈಯ ಮಲ್ಲಿಗೆ ಮುಂದೆ ಬಂತು. ಪ್ರಿಂಟು ಹಾಕಿಸಿ, ಕಟ್ಟು ಹಾಕಿಸಿ ಕೊಟ್ಟೆ.

ಅತ್ತೆ ಸೆರಗಿನಿಂದ ಗಾಜು ಒರೆಸಿ ಬಹಳ ಹೊತ್ತು ನೋಡಿದರು. ಮಾವನಿಗೂ ತೋರಿಸಿದರು.

“ತುಂಬ ಚೆನ್ನಾಗಿ ಬಂದಿದೆ ಕಣೋ. ಬೀರುವಿನಲ್ಲಿ ಎತ್ತಿಡ್ತೀನಿ, ನಾನು ಹೋದಮೇಲೆ ಹಾರ ಹಾಕೋಕೆ ಬೇಕಾಗುತ್ತೆ. ಈಗ ಹಾಲಿಗೆ ಹಾಕೋಕೆ ಒಂದು ಕಲರ್‌ದು ಮಾಡಿಸ್ಕೊಡು.”