ಕಪಿಲೆಯ ಮೇಲೊಬ್ಬ ಮಾಜಿ ಉದ್ಯೋಗಿ

ನಂಜನಗೂಡಿನಲ್ಲಿ ಕಪಿಲೆಗೆ ಅಡ್ಡಲಾಗಿ ಮಲಗಿರುವ ಹಳೇ ಸೇತುವೆ ಮೈಸೂರಿನ ದಳವಾಯಿಗಳ ಕಾಲದ್ದು, 1735ರ ಕಟ್ಟೋಣ. ಮುಂದೆ ಅದರ ಮೇಲೆ ರೈಲೂ ಓಡಿತು. ಬ್ರಾಡ್‌ಗೇಜ್ ಬಂದಾಗ ರೈಲು ಪಕ್ಕದ ಹೊಸ ಸೇತುವೆಗೆ ವರ್ಗವಾಯಿತು, ಹಳೆಯದರ ಕೆಲಸ ಹೋಯಿತು. ಬೆಂಗಳೂರಿನಲ್ಲಿ ಕೆಲಸ ಕಳೆದುಕೊಂಡು ಬಂದ ಸಾಫ್ಟ್‌ವೇರ್ ಹುಡುಗನೊಬ್ಬ ಸಂಜೆಯಾದರೆ ಇದರ ಬುಡದಲ್ಲಿ ಕೂರುತ್ತಾನೆಂದು ತಿಳಿದು ಸಂದರ್ಶನಕ್ಕೆ ಹೋದೆವು. ‘ಎಚ್‌ಆರ್ ಕಣ್ಣಿಗೆ ಬಿದ್ದರೆ ಕಷ್ಟ’ ಎಂದು ಹುಡುಗ ನುಣುಚಿಕೊಂಡ. ಸೇತುವೆಗೆ ಆ ಭಯವಿಲ್ಲ.

ನಮಸ್ಕಾರ ತಾತ. ಬಿಡುವಾಗಿದ್ದೀರಾ?

ಬಿಡುವೇ ಈಗ ನನ್ ಕೆಲ್ಸ ಕಣಪ್ಪ. ಕುಂತ್ಕೊ. ಆ ಕಲ್ಲು ಬ್ಯಾಡ, ಅದು ಅವನ ಸೀಟು. ಹಿಂದಿನ ಕಂಪ್ನೀಲಿ ಸ್ವಂತ ಕುರ್ಚಿ ಇರ್ನಿಲ್ವಂತೆ, ದಿನಾ ಬೆಳಿಗ್ಗೆ ಖಾಲಿ ಜಾಗ ಹುಡುಕ್ಬೇಕಿತ್ತಂತೆ. ಇಲ್ಲಿ ಕಲ್ಲು ಪರ್ಮನೆಂಟು.

ಅವನ ದಿನ ಹೇಗೆ ಕಳೆಯುತ್ತೆ?

‘ವರ್ಕ್ ಫ್ರಮ್ ಹೋಮ್’ ಅಂತ ಅವರವ್ವ ಬೀದಿಗೆಲ್ಲ ಸಾರವ್ರೆ. ಅದಕ್ಕೇ ಹಗಲೊತ್ತು ಹೊರಗೆ ಕಾಣಿಸಂಗಿಲ್ಲ. ರೂಮಲ್ಲಿ ಬಾಗಿಲು ಹಾಕ್ಕಂಡು ಕುಂತಿದ್ದು, ಸಂಜೆ ಆರಕ್ಕೆ ಸರಿಯಾಗಿ ಇಲ್ಲಿರ್ತಾನೆ. ಕೆಲ್ಸ ಇದ್ದಾಗ ಒಂದು ದಿನಾನಾದ್ರೂ ಆರಕ್ಕೆ ಎದ್ದವನಲ್ಲ. ಕೆಲ್ಸ ಹೋದ್ಮೇಲೆ ಲಾಗ್‌ಔಟ್ ಟೈಮಿಗೆ ಬೆಲೆ ಬಂತು.

ಇಡೀ ದಿನ ರೂಮಿನಲ್ಲಿ ಏನು ಮಾಡ್ತಾನೆ?

ಊರ ಕೆಲ್ಸ. ಕಂಪ್ಯೂಟರ್ ಓದವ್ನೆ ಅಂತ ಒಬ್ಬರ ಹಿಂದೆ ಒಬ್ಬರು ಬತ್ತಾರೆ. ರೇಷನ್ ಕಾರ್ಡಿಗೆ ಇ-ಕೆವೈಸಿ, ಪಹಣಿಗೆ ಆಧಾರ್ ಜೋಡಣೆ, ಮಗಳ ಫೋಟೊ ಡಿಲೀಟಾಗದೆ ವಾಟ್ಸ್ಆ್ಯಪ್ ಸ್ಟೇಟಸ್ಸಿಂದ ತೆಗ್ಯೋದು. ಫೀಜು ಒಂದು ಲೋಟ ಕಾಫಿ. ‘ತಾತ, ಅಲ್ಲಿ ತಿಂಗಳಾನುಗಟ್ಲೆ ಬರೆದ ಕೋಡನ್ನ ಯಾರು ಬಳಸ್ತಾರೆ ಅಂತ್ಲೇ ಗೊತ್ತಿರ್ನಿಲ್ಲ. ಇಲ್ಲಿ ಬಳಸ್ದೋರು ಮಾರನೇ ದಿನ ಬಂದು ಬೈತಾರೆ’ ಅಂದ. ಇನ್ನು ಗೃಹಲಕ್ಷ್ಮಿ ಎರಡು ಸಾವಿರ ಬಂತಾ ಅಂತ ಅವರವ್ವಂಗೆ ನೋಡಿ ಹೇಳೋನೂ ಅವನೇ. ಆ ಮನೇಲಿ ಸಂಬಳದಂಗೆ ಏನಾದ್ರೂ ಬರೋದು ಈಗ ಅವ್ವಂಗೊಬ್ಬರಿಗೆ, ಅದೂ ಬಂದಾಗ ಬಂತು.

ಅವನ ಕೆಲಸ ಹೋಗಿದ್ದು ಯಾಕೆ?

ನನ್ದು ಯಾಕ್ ಹೋಯ್ತೋ ಅದಕ್ಕೇ. ಗೇಜು. ನನ್ ಬೆನ್ನ ಮೇಲಿದ್ದ ಹಳಿ ಮೀಟರ್‌ಗೇಜು, ಕರಾರುವಾಕ್ಕಾಗಿ ಒಂದು ಮೀಟರ್ ಅಗಲ. ಬ್ರಾಡ್‌ಗೇಜ್ ಅಂದ್ರೆ 1,676 ಮಿಲಿಮೀಟರು. ನೀನು ಗಟ್ಟಿ ಇಲ್ಲ ಅಂತ ಯಾರೂ ಅನ್ನಲಿಲ್ಲ, ಅಳತೆ ಹೊಂದಲ್ಲ ಅಂದ್ರು. ಅವನಿಗೂ ‘ನಿನ್ನ ಕೆಲ್ಸ ಚೆನ್ನಾಗದೆ, ಆದ್ರೆ ಎಐ ಬಂದದೆ’ ಅಂದ್ರಂತೆ. ಒಂದು ವಿಡಿಯೊ ಕಾಲು, ಹತ್ತು ನಿಮಿಷ. ನನ್ನ ತೆಗೆಯೋಕೆ ಪಕ್ಕದಲ್ಲಿ ಇನ್ನೊಂದು ಸೇತುವೇನೇ ಕಟ್ಬೇಕಾಯ್ತು. ಅಷ್ಟಾದ್ರೂ ಮರ್ಯಾದೆ ಸಿಕ್ತು ನಂಗೆ.

ಆಮೇಲೆ ಬಿರುದು ಬೇರೆ. ನಂಗೆ ‘ಪಾರಂಪರಿಕ’ ಅಂತ, ಅವನಿಗೆ ಲಿಂಕ್ಡ್‌ಇನ್ ಫೋಟೊ ಸುತ್ತ ‘ಓಪನ್ ಟು ವರ್ಕ್’ ಅಂತ ಹಸಿರು ಬಳೆ. ಎರಡಕ್ಕೂ ಸಂಬಳ ಇಲ್ಲ.

ನಿಮ್ಮನ್ನು ಕಟ್ಟಿದಾಗ ರೈಲಿನ ಯೋಚನೆ ಇತ್ತೇ?

ರೈಲೆಲ್ಲಿ ಬಂತು ಮಗ! ಎತ್ತಿನಗಾಡಿ, ಕುದುರೆ, ದಂಡು, ಅಷ್ಟೇ ಲೆಕ್ಕ. ಮುಂದೆ ಮೈಸೂರಿಂದ ನಂಜನಗೂಡಿಗೆ ರೈಲು ತಂದೋರು, ಹೆಂಗೂ ಸೇತುವೆ ಅದಲ್ಲ ಅಂತ ನನ್ ಮೇಲೇ ಹಳಿ ಹಾಸಿದ್ರು. ಹುಡುಗನಿಗೆ ಹೇಳಿದ್ರೆ ಕಣ್ಣಲ್ಲಿ ನೀರು ತಕ್ಕಂಡ. ಅವನ ಮ್ಯಾನೇಜರೂ ಹಂಗೇ ಅಂತೆ, ಶುಕ್ರವಾರ ಸಂಜೆ ಬಂದು ‘ಸಣ್ಣ ಬದಲಾವಣೆ’ ಅನ್ನೋನಂತೆ.

ಹೊಸ ಕೆಲಸಕ್ಕೆ ತಯಾರಿ ನಡೆಸಿದ್ದಾನಾ?

ಬಾಯಿಪಾಠ ಮಾಡ್ತಾ ಅವ್ನೆ. ಲಿಂಕ್ಡ್ ಲಿಸ್ಟ್ ಅಂತ ಒಂದು ಅದಂತೆ, ಒಂದಕ್ಕೊಂದು ಕೊಂಡಿ ಹಾಕಿದ ಸಾಲು. ಅದನ್ನ ತಿರುಗಿಸಿ ತೋರ್ಸು ಅಂತ ಎಲ್ಲ ಕಂಪ್ನೀಲೂ ಕೇಳ್ತಾರಂತೆ. ನಾನಂದೆ, ಚಾಮರಾಜನಗರಕ್ಕೆ ಹೋದ ಗಾಡಿಗೆ ಅಲ್ಲಿ ಇಂಜಿನ್ ಬಿಚ್ಚಿ ಬಾಲದ ಕಡೆ ಸಿಕ್ಕಿಸ್ತಿದ್ರು, ಬಾಲವೇ ತಲೆಯಾಗಿ ವಾಪಸ್ ಬರೋದು, ಅದನ್ನ ಹೇಳು ಅಂತ. ಹೋಗಿ ಅದನ್ನೇ ಹೇಳವ್ನೆ. ಆ ಕಡೆಯೋರು ಚಾಮರಾಜನಗರ ಎಲ್ಲದೆ ಅಂತ ಕೇಳಿ ಫೋನ್ ಇಟ್ರಂತೆ.

ಆ್ಯಪ್ ಮಾಡ್ತೀನಿ ಅಂತಾನೂ ಒಂದ್ಸಲ ಎದ್ದ. ಮೇಲೆ ಕಬಿನಿ ಡ್ಯಾಮಲ್ಲಿ ನೀರು ಬಿಟ್ರೆ ಇಲ್ಲಿ ಹದಿನಾರು ಕಾಲು ಮಂಟಪ ಮುಳುಗ್ತದಲ್ಲ, ನೀರು ಎಷ್ಟು ಏರಿತು ಅಂತ ಮೊಬೈಲಲ್ಲಿ ತೋರಿಸೋ ಆ್ಯಪು. ಕಂಬ ನೋಡಿದ್ರೆ ಊರ ಎಮ್ಮೆಗೂ ಗೊತ್ತಾಯ್ತದೆ ಕಣ್ಲಾ ಅಂದೆ. ‘ಎಮ್ಮೆ ಇನ್ವೆಸ್ಟರಲ್ಲ ತಾತ’ ಅಂದ.

ರೆಸ್ಯೂಮೆಯಲ್ಲಿ ಗ್ಯಾಪ್ ಬಿದ್ದಿದೆ ಅಂತ ಕೊರಗುತ್ತಾನಂತೆ?

ನನ್ನ ನೋಡಪ್ಪ, ಎಷ್ಟು ಕಂಬ ಅದೆಯೋ ಅಷ್ಟು ಗ್ಯಾಪೂ ಅದೆ. ಗ್ಯಾಪೆಲ್ಲ ಮುಚ್ಚಿದ್ರೆ ನಾನು ಸೇತುವೆ ಆಗಿರ್ತಿರ್ನಿಲ್ಲ, ಕಬಿನಿ ಡ್ಯಾಮಾಗಿರ್ತಿದ್ದೆ. ಇದನ್ನೂ ಹೋಗಿ ಇಂಟರ್‌ವ್ಯೂನಲ್ಲಿ ಹೇಳ್ಬ್ಯಾಡ ಅಂತ ಅವನಿಗೆ ಆಣೆ ಹಾಕಿವ್ನಿ.

ನಂಜುಂಡೇಶ್ವರನಿಗೆ ಹರಕೆ ಏನಾದರೂ?

ಅಯ್ಯೋ, ಅದೊಂದು ಕತೆ. ಟಿಪ್ಪೂ ಸುಲ್ತಾನ್ ಆನೆಗೆ ಕಣ್ಣು ಬರ್ಸಿ ‘ಹಕೀಮ್ ನಂಜುಂಡ’ ಅನ್ನಿಸ್ಕಂಡ ದೇವರಂತೆ, ಇದೊಂದು ಕೆಲ್ಸ ಕೊಡಿಸಲ್ವಾ ಅಂತ ಅವರವ್ವ ಮುಡಿ ಹರಸ್ಕಂಡ್ರು. ಹುಡುಗ ಕಪಿಲೆ ದಡದಲ್ಲಿ ನುಣ್ಣಗೆ ಬೋಳಿಸ್ಕಂಡು ಎದ್ದ. ಮಾರನೇ ದಿನವೇ ಇಂಟರ್‌ವ್ಯೂ ಕರೆ ಬಂತು. ದೇವರು ದೊಡ್ಡೋನು! ಆದ್ರೆ ಪರೀಕ್ಷೆ ಮಾಡೋದು ಮಿಷೀನು. ಆಧಾರ್ ಫೋಟೊದಲ್ಲಿ ಕ್ರಾಪು, ಕ್ಯಾಮೆರಾದಲ್ಲಿ ಬೋಳುತಲೆ. ‘ಮುಖ ಹೊಂದಲ್ಲ’ ಅಂತ ಒಳಕ್ಕೇ ಬಿಡ್ನಿಲ್ವಂತೆ.

ಅಷ್ಟಾಗಿ ಬೇಜಾರಾದರೆ ಎಲ್ಲಿಗೆ ಹೋಗ್ತಾನೆ?

ಬಸ್ಸತ್ತಿ ತಿ. ನರಸೀಪುರಕ್ಕೆ, ಸೋದರಮಾವನ ಮನೆಗೆ. ಅಲ್ಲಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಮಾವ ಕೇಳೋದಕ್ಕೆ ಮುಂಚೆ ಸಂಗಮಕ್ಕೆ ಹೋಗಿ ಕುಂತ್ಕತಾನೆ. ನಮ್ ಕಪಿಲೆ ಅಲ್ಲಿ ಕಾವೇರಿಗೆ ಸೇರೋದು ಗೊತ್ತಲ್ಲ? ‘ತಾತ, ಇದು ಮರ್ಜರ್ರು. ನೀರು ಇಬ್ಬರದ್ದೂ, ಬೋರ್ಡಲ್ಲಿ ಹೆಸ್ರು ಮಾತ್ರ ಕಾವೇರೀದು’ ಅಂತಾನೆ. ಮೂರನೇದು ಸ್ಫಟಿಕ ಸರೋವರ, ಗುಪ್ತವಾಗಿ ಸೇರೋದು. ಅಂಥೋನು ಅವನ ಟೀಮಲ್ಲೂ ಒಬ್ಬ ಇದ್ದನಂತೆ. ಕಣ್ಣಲ್ಲಿ ಕಂಡೋರಿಲ್ಲ, ಮೀಟಿಂಗಲ್ಲಿ ದನಿ ಕೇಳಿದೋರಿಲ್ಲ, ಪ್ರಮೋಷನ್ ಮಾತ್ರ ಅವನಿಗೇ.

ಅಲ್ಲಿ ಕುಂಭಮೇಳ 1989ರಲ್ಲಿ ಶುರುವಾಯ್ತು, ಮೂರು ವರ್ಷಕ್ಕೊಂದು ಸಲ. ಅದನ್ನ ಕೇಳಿ ಬಾಯಿಬಿಟ್ಟ. ಅವನಿಗೆ ಹದಿನೈದು ದಿನಕ್ಕೊಂದು ಸಲ ರಿಲೀಸ್ ಮಾಡ್ಬೇಕಿತ್ತಂತೆ. ಇನ್ನು ಗುಂಜಾ ನರಸಿಂಹಸ್ವಾಮಿ ಕ್ಷೇತ್ರ, ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅಂತಾರೆ. ಹೋದ ವರ್ಷ ಅವನಿಗೆ ಕೊಟ್ಟ ಹೈಕೂ ಸುಮಾರು ಅಷ್ಟೇ ತೂಗ್ತಿತ್ತಂತೆ.

ವ್ಯವಸಾಯಕ್ಕೆ ಇಳಿಯೋ ಯೋಚನೆ?

ರಸಬಾಳೆ ಹಾಕು ಅಂತಾನೆ ಅಪ್ಪ. ನಂಜನಗೂಡು ರಸಬಾಳೆಗೆ ಜಿಐ ಸರ್ಟಿಫಿಕೇಟು ಅದೆ, ಸೊರಗು ರೋಗ ಬಂದು ತೋಟ ಮಾತ್ರ ಅಲ್ಲೊಂದು ಇಲ್ಲೊಂದು. ಸರ್ಟಿಫಿಕೇಟು ತನ್ನತ್ರ ಬೇಕಾದಷ್ಟು ಅದೆ ಅಂತ ಹುಡುಗ ಒಪ್ತಾ ಇಲ್ಲ.

ಕೊನೆಯದಾಗಿ, ನಿಮಗೇ ಮತ್ತೆ ಕೆಲಸಕ್ಕೆ ಸೇರುವ ಆಸೆ ಇಲ್ಲವೇ?

ಇಲ್ದೆ ಏನು? ಹುಡುಗನ ಕೈಲೇ ಅರ್ಜಿ ಹಾಕ್ಸಿದ್ದೆ. ಅನುಭವ ಮುನ್ನೂರು ವರ್ಷದ ಹತ್ತತ್ರ, ನೋಟಿಸ್ ಪೀರಿಯಡ್ ಇಲ್ಲ, ಊರು ಬುಟ್ಟು ಬರಾಕಾಗಲ್ಲ ಅಂತ. ಹುಟ್ಟಿದ ವರ್ಷದ ಹತ್ರ ಬಂದಾಗ ಸಿಕ್ಕಾಕ್ಕಂಡ್ತು. ಎಷ್ಟು ಕೆಳಕ್ಕೆ ಎಳೆದ್ರೂ ಪಟ್ಟಿ 1950ರಲ್ಲೇ ನಿಂತೋಯ್ತದೆ, 1735 ಇಲ್ವೇ ಇಲ್ಲ. ಯಾವ ಮುಟ್ಠಾಳ ಬರೆದವ್ನೆ ಈ ಫಾರಮ್ಮ ಅಂದೆ.

ಹುಡುಗ ನೀರಿಗೊಂದು ಕಲ್ಲೆಸೆದ. ‘ನಾನೇ ತಾತ. ಸೇರಿದ ಹೊಸದರಲ್ಲಿ ಬರೆದಿದ್ದು’ ಅಂದ.