ಬೀದರಿನಲ್ಲಿ ಹಲ್ಲಿಯ ವಂಶೋದ್ಧಾರ

ಲೆಪರ್ಡ್ ಗೆಕ್ಕೊ ಅಂದರೆ ಹಳದಿ ಮೈಮೇಲೆ ಚಿರತೆಯ ಹಾಗೆ ಕಪ್ಪು ಚುಕ್ಕೆ ಹೊದ್ದ, ಗೇಣುದ್ದದ ಒಂದು ಹಲ್ಲಿ. ಅಫ್ಘಾನಿಸ್ತಾನ, ಪಾಕಿಸ್ತಾನ, ವಾಯವ್ಯ ಭಾರತದ ಒಣ ಕಲ್ಲುಗಾಡು ಇದರ ತವರು. ನಮ್ಮ ಗೋಡೆ ಹಲ್ಲಿಗೆ ಇಲ್ಲದ ಕಣ್ಣುರೆಪ್ಪೆ ಇದಕ್ಕಿದೆ. ಗೋಡೆ ಹಲ್ಲಿಗೆ ಇರುವ ಅಂಟುಪಾದ ಇದಕ್ಕಿಲ್ಲ. ಗೋಡೆ ಹತ್ತಲಾರದ್ದು ಮೈಮೇಲೆ ಬೀಳುವುದಾದರೂ ಹೇಗೆ? ತಲೆಯ ಮೇಲೆ ಬಿದ್ದರೆ ಏನು ಫಲ, ಭುಜದ ಮೇಲೆ ಬಿದ್ದರೆ ಏನು ಫಲ ಎಂದು ಪಟ್ಟಿ ಕೊಡುವ ಪಂಚಾಂಗಗಳು ಈ ಹಲ್ಲಿಯ ಮಟ್ಟಿಗೆ ನಿರುದ್ಯೋಗಿಗಳು. ಶಾಸ್ತ್ರದ ಅಡ್ಡಿಯೂ ಇಲ್ಲವೆಂದ ಮೇಲೆ, ಗಾಜಿನ ಪೆಟ್ಟಿಗೆಯಲ್ಲಿ ಒಂದನ್ನು ಸಾಕಿದವರಿಗೆ ಇನ್ನೊಂದನ್ನು ತಂದು ಜೋಡಿ ಮಾಡುವ ಮನಸ್ಸಾಗುತ್ತದೆ. ಒಂಟಿ ಜೀವ ಕಂಡರೆ ಸಂಬಂಧ ಹುಡುಕದೆ ಇರಲಾರದ ಜನ ನಾವು. ಬೀದರ, ಭಾಲ್ಕಿ, ಔರಾದ ಕಡೆ ಯಾರಿಗಾದರೂ ಈ ಆಸೆ ಹುಟ್ಟಿದ್ದರೆ ನನ್ನದೊಂದು ತಕರಾರಿದೆ: ಹಲ್ಲಿಗೆ ಮದುವೆ ಮಾಡುವ ಮುನ್ನ ದೇವಣಿ ಆಕಳು ಕಟ್ಟಿದವರ ಲೆಕ್ಕಾಚಾರ ಕೇಳಬೇಕು.

ಏಕೆಂದರೆ ತಳಿ ಬೆಳೆಸುವುದು ಅಂದರೇನು ಎಂಬುದನ್ನು ಬೀದರಿನವರಿಗೆ ಹೊರಗಿನವರು ಕಲಿಸಬೇಕಿಲ್ಲ. ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ 2004ರ ಕಾಯ್ದೆಯಿಂದ ಹುಟ್ಟಿ ಕೂತಿರುವುದು ಇಲ್ಲಿಯ ನಂದಿನಗರದಲ್ಲಿ. ಮುಧೋಳ ನಾಯಿಯ ಕುಲಗೋತ್ರ ನೋಡಿಕೊಳ್ಳುವ ತಿಮ್ಮಾಪುರದ ಕೇಂದ್ರವೂ ಅದರದ್ದೇ, ಭಾಲ್ಕಿ ತಾಲ್ಲೂಕಿನ ಕಟ್ಟಿತುಗಾಂವದ ದೇವಣಿ ಕೇಂದ್ರವೂ ಅದರದ್ದೇ. ದೇವಣಿಗೆ ಹೆಸರು ಕೊಟ್ಟ ಊರು ಗಡಿಯಾಚೆ ಲಾತೂರ ಜಿಲ್ಲೆಯಲ್ಲಿದೆ. ದನಗಳು ಗಡಿವಿವಾದ ಓದಿಕೊಂಡಿಲ್ಲವಾದ್ದರಿಂದ ಔರಾದ, ಭಾಲ್ಕಿಯ ಕೊಟ್ಟಿಗೆಗಳಲ್ಲೂ ಅದೇ ಕುಲ. ಇದರಲ್ಲೂ ಬಣ್ಣದ ಶೋಕಿ ಇದ್ದೇ ಇದೆ: ಬಿಳಿ ಮೈಗೆ ಮುಖದಲ್ಲಿ ಕಪ್ಪಿದ್ದರೆ ವಾನೆರಾ, ಮೈಮೇಲೆಲ್ಲ ಕಪ್ಪು ಮಚ್ಚೆ ಚೆಲ್ಲಿದ್ದರೆ ಶೇವೆರಾ. ಆದರೆ ಮಚ್ಚೆಗೆ ಮರುಳಾದ ರೈತನೂ ಬೀಜದ ಹೋರಿ ಆರಿಸುವಾಗ ಬಗ್ಗಿ ಗೊರಸು ನೋಡುತ್ತಾನೆ, ನಡೆಸಿ ನೋಡುತ್ತಾನೆ, ಅದರ ತಾಯಿ ಎಷ್ಟು ಹಿಂಡುತ್ತಿತ್ತೆಂದು ವಿಚಾರಿಸುತ್ತಾನೆ. ಹುಟ್ಟುವುದು ಒಂದೇ ಕರು. ಅದು ಹೋರಿಯಾದರೆ ಯಾರ ಹೊಲಕ್ಕೆ, ಹೆಣ್ಣಾದರೆ ಯಾರ ಕೊಟ್ಟಿಗೆಗೆ ಎಂಬುದು ಆಕಳು ಗಬ್ಬವಾಗುವ ಮೊದಲೇ ತಲೆಯಲ್ಲಿರುತ್ತದೆ.

ಹಲ್ಲಿಯ ಲೆಕ್ಕ ಬೇರೆ. ಒಂದು ಸಲಕ್ಕೆ ಎರಡೇ ಮೊಟ್ಟೆ, ಎಷ್ಟು ಸಂಯಮಿ ಅನ್ನಿಸುತ್ತದೆ. ಆದರೆ ಒಂದೇ ಹಂಗಾಮಿನಲ್ಲಿ ಹೀಗೆ ಏಳೆಂಟು ಸಲ ಇಡಬಲ್ಲದು; ಅಲ್ಲಿಗೆ 16. ಅದರಲ್ಲಿ ಅರ್ಧ ಹೆಣ್ಣೆಂದುಕೊಳ್ಳಿ, ಅವು ವರ್ಷದೊಳಗೆ ಪ್ರಾಯಕ್ಕೆ ಬರುತ್ತವೆ. ಮುಂದಿನ ಹಂಗಾಮಿಗೆ ಎಂಟು ತಾಯಂದಿರಿಂದ 128 ಮೊಟ್ಟೆ. ಜಿಲ್ಲೆಯ ಎಂಟೂ ತಾಲ್ಲೂಕಿಗೆ ಸರಿಸಮ ಹಂಚಿದರೂ ತಾಲ್ಲೂಕಿಗೆ 16 ಮರಿ ಬೀಳುತ್ತದೆ, ಮೊದಲಿನ ಅಜ್ಜಿಯ ಹೊಸ ಸಂತಾನವನ್ನು ಬಿಟ್ಟು. ಗಂಡುಗಳು ಒಂದೇ ಪೆಟ್ಟಿಗೆಯಲ್ಲಿದ್ದರೆ ಕಚ್ಚಾಡುತ್ತವೆ, ಆದ್ದರಿಂದ ತಲೆಗೊಂದು ಮನೆ. ಚೆನ್ನಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬದುಕುತ್ತವೆ. ಹೈಸ್ಕೂಲು ಹುಡುಗ ಕೊಂಡ ಮರಿ ಅವನ ಮದುವೆಯ ಊಟದ ಹೊತ್ತಿಗೂ ಹುಳಕ್ಕಾಗಿ ಕಾದಿರುತ್ತದೆ. ಆ ಹುಳವೂ ಜೀವಂತವೇ ಬೇಕು, ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಿರಬೇಕು, ಇಲ್ಲದಿದ್ದರೆ ಮರಿಯ ಎಲುಬು ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ. ಔರಾದದ ಸೋಯಾ ಹೊಲದಲ್ಲಿ ಪುಕ್ಕಟೆ ಮಿಡತೆ ಸಿಗುತ್ತದಲ್ಲ ಎಂದರೆ, ಆ ಹೊಲಕ್ಕೆ ಹೊಡೆದ ಔಷಧಿಯೂ ಮಿಡತೆಯ ಜೊತೆ ಪುಕ್ಕಟೆಯೇ ಬರುತ್ತದೆ.

ಮೊಟ್ಟೆಯ ವಿಷಯದಲ್ಲಿ ಇನ್ನೊಂದು ವಿಚಿತ್ರ. ಈ ಹಲ್ಲಿಯ ಮರಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವುದು ಮೊಟ್ಟೆಗೆ ತಗಲುವ ಶಾಖ. ಸುಮಾರು 26 ಡಿಗ್ರಿಯಲ್ಲಿ ಹೆಚ್ಚಿನವು ಹೆಣ್ಣು; 32–33ರಲ್ಲಿ ಹೆಚ್ಚಿನವು ಗಂಡು; 34 ದಾಟಿದರೆ ಮತ್ತೆ ಹೆಣ್ಣೇ ಜಾಸ್ತಿ. ಭ್ರೂಣದ ಲಿಂಗ ಕೇಳುವುದೇ ಅಪರಾಧವಾದ ದೇಶದಲ್ಲಿ ಥರ್ಮೋಸ್ಟಾಟ್ ತಿರುವಿ ಲಿಂಗ ಬರೆಯಬಹುದಾದ ಪ್ರಾಣಿ! ಬೀದರಿನ ಬಿಸಿಲಿಗೆ ಇದು ಹೇಳಿ ಮಾಡಿಸಿದ್ದಲ್ಲವೇ ಎನ್ನುವವರಿದ್ದಾರೆ. ದೊಡ್ಡ ಹಲ್ಲಿಗೆ ಒಗ್ಗೀತು, ನೆರಳಿಗೆ ಸರಿದುಕೊಳ್ಳಲು ಅದಕ್ಕೆ ಕಾಲಿದೆ. ಮೊಟ್ಟೆಗೆ ಕಾಲಿಲ್ಲ. ಅದು ಆರರಿಂದ ಹತ್ತು ವಾರ ಒಂದೇ ಹದದಲ್ಲಿ ಕೂತಿರಬೇಕು. ನಮ್ಮ ಮೇ ತಿಂಗಳು 40 ಡಿಗ್ರಿ ಮುಟ್ಟುವಾಗ, ಮಧ್ಯಾಹ್ನ ಕರೆಂಟು ಹೋದರೆ ಮೊಟ್ಟೆ ಮೊದಲು ಲಿಂಗವನ್ನು, ಆಮೇಲೆ ಜೀವವನ್ನೇ ಕೈಬಿಟ್ಟೀತು.

ಇದೆಲ್ಲ ದುಡ್ಡು, ಇನ್ವರ್ಟರು ಇದ್ದವರಿಗೆ ಸಮಸ್ಯೆಯಲ್ಲ, ನಿಜ. ಅಂಥವರ ಕಣ್ಣು ಇರುವುದು ಅಪರೂಪದ ಬಣ್ಣಗಳ ಮೇಲೆ. ಇಲ್ಲಿಯೇ ನನ್ನ ವಾದದ ಗಟ್ಟಿ ಸಾಕ್ಷಿ ಇರುವುದು. ನಿಂಬೆ ಹಳದಿಯ ಮೇಲೆ ಇಬ್ಬನಿ ಕೂತಂತೆ ಕಾಣುವ ಲೆಮನ್ ಫ್ರಾಸ್ಟ್ ಎಂಬ ಬಗೆ ಬಂದಾಗ ಹಲ್ಲಿಪ್ರಿಯರು ಮುಗಿಬಿದ್ದರು. ಆ ಬಣ್ಣದವುಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚಿಗೆ ಚರ್ಮದ ಗಡ್ಡೆ ಏಳುತ್ತದೆಂದೂ ಬಣ್ಣ ಮತ್ತು ಗಡ್ಡೆಯ ಬೇರು ಒಂದೇ ಜೀನಿನ ಸುತ್ತ ಇದೆಯೆಂದೂ ಅಮೆರಿಕದ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದರು. ಎನಿಗ್ಮಾ ಎಂಬ ಇನ್ನೊಂದು ಬಗೆಯದು ನರದ ತೊಂದರೆ: ಕತ್ತು ತಿರುಚಿ ಆಕಾಶ ನೋಡುತ್ತದೆ, ಇದ್ದಲ್ಲೇ ಸುತ್ತುತ್ತದೆ, ಎದುರಿಗಿರುವ ಹುಳಕ್ಕೆ ಬಾಯಿ ಹಾಕಿದರೆ ಗುರಿ ತಪ್ಪುತ್ತದೆ. ಗೊರಸು ನೋಡದೆ ಮಚ್ಚೆ ನೋಡಿ ಹೋರಿ ಆರಿಸಿದರೆ ಆಗುವುದು ಇದೇ. ನಾಯಿಗಾದರೆ 2017ರ ಸಂತಾನೋತ್ಪತ್ತಿ ನಿಯಮಗಳು ಹೆಣ್ಣಿನ ವಯಸ್ಸು, ಆರೋಗ್ಯ ಕೇಳುತ್ತವೆ. ಹಲ್ಲಿಯ ಪರವಾಗಿ ಕೇಳುವುದು ಸಾಕುವವನ ಆತ್ಮಸಾಕ್ಷಿಯೊಂದೇ, ಅದಕ್ಕೂ ಮಾರುಕಟ್ಟೆಯ ದರ ಗೊತ್ತಿರುತ್ತದೆ.

ಮನೆಯಲ್ಲಿ ಮರಿ ಮಾಡಿದರೆ ಕಾಡಿನಿಂದ ಹಿಡಿಯುವುದು ತಪ್ಪುತ್ತದೆ ಎಂಬ ಆಕ್ಷೇಪಣೆಯನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಸಾಕುವವರು ಹೇಗೂ ಇರುವಾಗ, ಪೆಟ್ಟಿಗೆಯಲ್ಲೇ ಹುಟ್ಟಿದ್ದನ್ನು ಕೊಳ್ಳುವುದು ಮೇಲು. ಆದರೆ ಪೆಟ್ಟಿಗೆಯಲ್ಲಿ ಹುಟ್ಟಿದವಕ್ಕೆ ಈಗ ಲೋಕದಲ್ಲಿ ಬರವಿಲ್ಲ. ದೇವಣಿಯ ಹಾಗೆ ವಿದೇಶಿ ತಳಿಗಳಾದ ಜರ್ಸಿ, ಎಚ್‌ಎಫ್‌ಗಳ ನಡುವೆ ಕರಗಿಹೋಗುವ ಭಯ ಇದಕ್ಕಿಲ್ಲ. ಮಿಕ್ಕ ಮರಿಗಳನ್ನು ಹೊನ್ನಿಕೇರಿ ಕಾಡಿಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳುವ ಯೋಚನೆಯಂತೂ ಬೇಡ. ಅದು ಇಲ್ಲಿಯ ಜೀವವಲ್ಲ, ನೆರೆಯ ಮಹಾರಾಷ್ಟ್ರದಲ್ಲಿರುವ ಇದರ ದಾಯಾದಿ ಜಾತಿಗೆ ಪೆಟ್ಟಿಗೆಯ ರೋಗ ದಾಟಿಸುವ ಹಕ್ಕು ಯಾರಿಗೂ ಇಲ್ಲ. ಮೂಲ ಸೀಮೆಯ ಒಂದಂಚು ಭಾರತದೊಳಗೇ ಇರುವುದರಿಂದ, ವಿದೇಶಿ ಪ್ರಾಣಿ, ಕಾನೂನಿನ ತೊಂದರೆ ಏನೂ ಇಲ್ಲ ಎಂಬ ಅಂಗಡಿಯವನ ಅಭಯಕ್ಕಿಂತ ಅರಣ್ಯ ಇಲಾಖೆಯ ಒಂದು ಲಿಖಿತ ಉತ್ತರ ವಾಸಿ. ಇನ್ನು ವ್ಯಾಪಾರ: ಭಾಲ್ಕಿಯ ಸಂತೆಯಲ್ಲಿ ಇದನ್ನು ನೋಡಿದ ಮೊದಲ ಗಿರಾಕಿ ಕೇಳುವುದು, ‘ಇದು ಏನ್ ಕೊಡ್ತದ್ರಿ?’ ಎಂದು.

ಮರಿ ಬೇಡವೆಂದು ನೀವು ತೀರ್ಮಾನಿಸಿದರೂ ಹೆಣ್ಣು ಹಲ್ಲಿ ಅದಕ್ಕೆ ಬದ್ಧವಲ್ಲ. ಒಮ್ಮೆ ಗಂಡಿನ ಜೊತೆ ಕೂಡಿದ್ದರೆ ವೀರ್ಯವನ್ನು ಒಳಗೇ ಕಾದಿಟ್ಟುಕೊಂಡು ತಿಂಗಳುಗಳ ಮೇಲೂ ಫಲವತ್ತಾದ ಮೊಟ್ಟೆ ಇಡಬಲ್ಲದು. ಕೂಡದಿದ್ದರೂ ಕೆಲವು ಜೊಳ್ಳು ಮೊಟ್ಟೆ ಇಡುತ್ತವೆ. ಬಲ್ಲವರು ಇಟ್ಟ ದಿನವೇ, ಭ್ರೂಣ ಬೆಳೆಯುವ ಮುನ್ನ, ಮೊಟ್ಟೆಯನ್ನು ಫ್ರೀಜರಿಗೆ ಹಾಕುತ್ತಾರೆ. ಕೋಳಿಮೊಟ್ಟೆಗೇ ಪ್ರವೇಶವಿಲ್ಲದ ಫ್ರಿಜ್ಜುಗಳು ನಮ್ಮ ಕಡೆ ಬಹಳ. ಅಂಥ ಮನೆಯವರು ಮೊದಲು ಅಡುಗೆಮನೆಯ ಒಪ್ಪಿಗೆ ತೆಗೆದುಕೊಳ್ಳಲಿ, ಇಲ್ಲವೇ ಗಂಡು ಹಲ್ಲಿಯನ್ನೇ ತರಲಿ.