ಬಘೂ ಸಾಹುಕಾರರು

ಪುಣೆಯ ಭೋಸರಿ ಎಂಐಡಿಸಿಯಲ್ಲಿ ಇವರು ಗಲ್ಲಿಗೊಬ್ಬರಂತೆ ಸಿಗುತ್ತಾರೆ. ಊರು ಜಮಖಂಡಿಯೋ ಮುಧೋಳವೋ. ಬಂದದ್ದು ಟರ್ನರ್ ಆಗಿ, ಈಗ ಸಿಎನ್‌ಸಿ ಯಂತ್ರಗಳಿರುವ ಪ್ರೈವೇಟ್ ಲಿಮಿಟೆಡ್ಡಿನ ಮಾಲೀಕರು. ಊರಿನ ಸುದ್ದಿಯನ್ನೆಲ್ಲ ಕನ್ನಡದಲ್ಲೇ ಕೇಳುವವರು, ಸಾಫ್ಟ್‌ವೇರ್ ಮಾರುವ ನಾನು ಲೈಸೆನ್ಸ್ ರಿನ್ಯೂವಲ್ ಎಂದೊಡನೆ ಮರಾಠಿಗೆ ಜಾರುತ್ತಾರೆ: ‘ಬಘೂ, ಬಘೂ.’ ನೋಡೋಣವಂತೆ.

ಜಿಪುಣರೇನಲ್ಲ. ಕಂಪ್ರೆಸರ್, ಜನರೇಟರ್, ನೀರಿನ ಫಿಲ್ಟರ್ ಎಲ್ಲಕ್ಕೂ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಕರಾರು, ಇದೆ. ಅಲ್ಲಿ ಪಾನಾ ಹಿಡಿದವನೊಬ್ಬ ಬರುತ್ತಾನೆ, ಏನೋ ಬಿಚ್ಚುತ್ತಾನೆ, ಕೈ ಮಸಿ ಮಾಡಿಕೊಳ್ಳುತ್ತಾನೆ. ಮಸಿ ಕಂಡರೆ ಚೆಕ್ ಸಲೀಸು. ‘ನಿಮ್ಮ ಸಾಫ್ಟ್‌ವೇರ್ ನಡ್ಯಾಕತ್ತೈತಲ್ಲರಿ? ನಡ್ಯೂದಕ್ಕ ಯಾಕ್ರಿ ರೊಕ್ಕ? ಕೆಟ್ಟ ಮ್ಯಾಲೆ ಬರ್ರಿ.’

ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಲೆಕ್ಕ ಇಡುವ ಟ್ಯಾಲಿಯ ವಾರ್ಷಿಕ ಚಂದಾ ಮುಗಿದರೂ ಕೊಂಡ ಟ್ಯಾಲಿ ಓಡುತ್ತಲೇ ಇರುತ್ತದೆ, ಹೊಸ ಆವೃತ್ತಿ ಮಾತ್ರ ಸಿಗುವುದಿಲ್ಲ. ಆಟೋಕ್ಯಾಡ್‌ನವರು 2016ರಲ್ಲಿ, ಒಮ್ಮೆ ಕೊಂಡರೆ ಕಾಯಂ ಎನ್ನುವ ಹೊಸ ಲೈಸೆನ್ಸ್ ಮಾರುವುದನ್ನೇ ನಿಲ್ಲಿಸಿ ಎಲ್ಲರನ್ನೂ ಬಾಡಿಗೆದಾರರನ್ನಾಗಿಸಿದ್ದನ್ನು ಅವರಿನ್ನೂ ಕ್ಷಮಿಸಿಲ್ಲ. ನಾನೂ ಒಳಗೊಳಗೇ ಕ್ಷಮಿಸಿಲ್ಲ, ಕಮಿಷನ್ ಬರುತ್ತದೆಂದು ಸುಮ್ಮನಿದ್ದೇನೆ. ಹಳೆಯ ಡಿಸೈನ್ ಸಾಫ್ಟ್‌ವೇರಿನ ಲೈಸೆನ್ಸ್ ಕೀಲಿಯಾದ ಡಾಂಗಲ್ ಮನೆಯವರ ಬಂಗಾರದ ಜೊತೆ ತಿಜೋರಿಯಲ್ಲಿದೆ. ಖಂಡೇಪೂಜೆಯ ದಿನ ಅದಕ್ಕೂ ಕುಂಕುಮ, ಭಂಡಾರ. ಯುಎಸ್‌ಬಿ ತುದಿಯೊಳಗೆ ಭಂಡಾರ ಹೊಕ್ಕರೂ ಭಕ್ತಿಗೆ ಕುಂದಿಲ್ಲ.

ಒಂದು ಮೂಲೆಯ ಕಂಪ್ಯೂಟರಿನಲ್ಲಿ ಇಂದಿಗೂ ವಿಂಡೋಸ್ ಎಕ್ಸ್‌ಪಿ. ಅದಕ್ಕೆ 2014ರ ಏಪ್ರಿಲ್ 8ಕ್ಕೇ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದೆ, ಅಂದರೆ ಅದು ಸತ್ತಂತೆ ಎಂದು ಹೆದರಿಸಿ ನೋಡಿದೆ. ‘ಸತ್ತದ್ದು ದಿನಾ ಎಂಟಕ್ಕ ಕೆಲಸಕ್ಕ ಬರ್ತೈತಿ. ಜೀವಂತ ಇದ್ದ ನಮ್ಮ ಹುಡುಗ್ರಿಗೆ ಹೇಳ್ರಿ!’ ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಅದೇ ಗತಿಯಾಯಿತು ಎಂದರೆ, ‘ಬಘೂ.’

ಸಾಹುಕಾರರು ಹೆದರುವುದು ಸಿಎ ಒಬ್ಬರಿಗೇ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರು ಯಾವ ನಮೂದನ್ನು ಯಾವಾಗ ತಿದ್ದಲಾಯಿತು ಎಂಬುದನ್ನೆಲ್ಲ ಗುರುತಿಟ್ಟುಕೊಳ್ಳಲೇಬೇಕು, ಆ ಸೌಲಭ್ಯವನ್ನು ಆಫ್ ಮಾಡುವಂತೆಯೂ ಇಲ್ಲ. ಇವರ ಹಳೆಯ ಟ್ಯಾಲಿಗೆ ಅದು ಗೊತ್ತೇ ಇಲ್ಲ. ಸಿಎ ಫೋನಿನಲ್ಲಿ ಗದರಿದ ಸಂಜೆಯೇ ನನಗೆ ಕರೆ. ಚೌಕಾಸಿ ಶುರು: ‘ಟ್ಯಾಲಿ ಬೆಂಗಳೂರಿಂದು. ನಾವೂ ಕನ್ನಡದವ್ರ. ಅವರಿಗೆ ಹೇಳಿ ಒಂದೀಟು ಕಮ್ಮಿ ಮಾಡಸ್ರಿ.’ ಬಿಲ್ಲಿನ ಕೆಳಗೆ ಶೇ. 18 ತೆರಿಗೆ ಕಂಡು ಕನ್ನಡಕ ತೆಗೆದರು. ‘ಜಿಎಸ್‌ಟಿ ಲೆಕ್ಕ ಇಡೂ ಸಾಫ್ಟ್‌ವೇರಿಗೂ ಜಿಎಸ್‌ಟಿ?’ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಒಂದು ನಿಟ್ಟುಸಿರು ಬಿಡದೆ ಚೆಕ್ ಬರೆಯುವುದು ಅವರ ಧರ್ಮದಲ್ಲಿಲ್ಲ.

ಅಪ್‌ಗ್ರೇಡ್ ದೂರದಿಂದಲೇ ಆಯಿತು. ಮೌಸ್ ಬಾಣ ತಾನೇ ಓಡಾಡುವುದನ್ನು ಸಾಹುಕಾರರು ಕೈಕಟ್ಟಿ ನೋಡಿದರು. ಚಹಾ ಆರುವುದರೊಳಗೆ ಮುಗಿದೇ ಹೋಯಿತು.

‘ಮುಗೀತ? ಯಾರೂ ಬರಲಿಲ್ಲ, ಏನೂ ಬಿಚ್ಚಲಿಲ್ಲ, ಇದಕ್ಕ ಇಷ್ಟು ರೊಕ್ಕ?’

ಮರುದಿನ ಸ್ಕ್ರೂಡ್ರೈವರ್ ಮತ್ತು ಬ್ಲೋವರ್ ಕೊಟ್ಟು ಹುಡುಗನೊಬ್ಬನನ್ನು ಕಳಿಸಿದೆ. ಅವನು ಸಿಪಿಯು ಬಿಚ್ಚಿ ಧೂಳು ಊದಿದ, ಕೀಬೋರ್ಡ್ ಬೋರಲು ಹಾಕಿ ಕೊಡವಿದ, ಮೋತಿ ಮಸಿ ಮಾಡಿಕೊಂಡ. ಸಾಹುಕಾರರು ಅವನಿಗೆ ಎರಡು ವಡಾಪಾವ್ ತಿನ್ನಿಸಿ ಸರ್ವಿಸ್ ರಿಪೋರ್ಟಿನಲ್ಲಿ ತಾವೇ ಬರೆದರು: ‘ಟ್ಯಾಲಿ ಕೆಲಸ ಭಾಳ ಚಲೋ ಮಾಡ್ಯಾನ.’